ಗೆರೆ ಎಳೆಯದ ಜಾಗ



ರೋಮ್ ನಗರದಲ್ಲಿ ನೆಲೆಸಿದ್ದ ಕಲಾವಿದ ಕ್ಲಾಡ್ ಲೊರೇನ್ 1636ರಲ್ಲಿ ‘ದನಗಾಹಿ’ ಎಂಬ ಎಚಿಂಗ್ ಚಿತ್ರವೊಂದನ್ನು ಮಾಡಿದರು. ಎರಡು ಅಂಗೈ ಜೋಡಿಸಿದಷ್ಟೇ ಅಗಲ. ದಡದಲ್ಲಿ ಕುಳಿತ ದನಗಾಹಿ ಕೊಳಲೂದುತ್ತಿದ್ದಾನೆ. ದನಗಳು ನೀರಿಗಿಳಿದು ನಿಧಾನವಾಗಿ ಹೊಳೆ ದಾಟುತ್ತಿವೆ. ಅವಸರದ ಸುಳಿವೇ ಇಲ್ಲ.

ಈ ನೆಮ್ಮದಿ ಮೂಡಿದ ಬಗೆ ಗಮನಿಸಿ. ಎಚಿಂಗ್‌ನಲ್ಲಿ ತಾಮ್ರದ ತಗಡಿಗೆ ಮೇಣದ ತೆಳು ಲೇಪ ಬಳಿದು, ಸೂಜಿಯಿಂದ ಗೆರೆ ಎಳೆದು, ಆಮ್ಲಕ್ಕೆ ಒಡ್ಡುತ್ತಾರೆ. ಲೇಪ ಹೋದ ಕಡೆ ಮಾತ್ರ ಆಮ್ಲ ತಾಮ್ರವನ್ನು ಕೊರೆಯುತ್ತದೆ. ಬೇಗ ತೆಗೆದರೆ ಗೆರೆ ತಿಳಿ, ಹೆಚ್ಚು ಹೊತ್ತು ಬಿಟ್ಟರೆ ಗಾಢ. ಆ ಗೆರೆಗಳಿಗೆ ಶಾಯಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದವಿಟ್ಟು ಒತ್ತಿದಾಗ ಚಿತ್ರ ಕಾಣುತ್ತದೆ, ಅದೂ ಎಡಬಲ ಅದಲುಬದಲಾಗಿ.

ಇಷ್ಟೆಲ್ಲ ತಾಳ್ಮೆಯ ಕೊನೆಗೆ, ಚಿತ್ರದ ಮರಗಳ ನಡುವೆ ಬೆಳಕಾಗಿ ಹೊಳೆಯುವುದು ಯಾವುದು? ಕಲಾವಿದ ಗೆರೆ ಎಳೆಯದೆ ಬಿಟ್ಟ ಜಾಗ, ಬರೀ ಬಿಳಿ ಕಾಗದ!

ನಮ್ಮ ದಿನಕ್ಕೂ ಅಂಥ ಜಾಗ ಬೇಕು. ಬಿಡುವೆಂದರೆ ಸೋಮಾರಿತನವಲ್ಲ, ದುಡಿಮೆಗೆ ಅರ್ಥ ಕೊಡುವ ಬೆಳಕು. ಇಂದು ಕೆಲಸಗಳ ಸಾಲಿನ ನಡುವೆ ಹತ್ತು ನಿಮಿಷವನ್ನು ಏನನ್ನೂ ತುಂಬದೆ ಹಾಗೇ ಬಿಡಿ. ಮೊಬೈಲ್ ಪಕ್ಕಕ್ಕಿಟ್ಟು ಸುಮ್ಮನೆ ಕುಳಿತುಕೊಳ್ಳಿ.