ಮಾರಿಕಣಿವೆಯ ಹೂಳು ಎಲ್ಲಿಂದ ಬರುತ್ತದೆ?

ಹಿರಿಯೂರು, ಹೊಸದುರ್ಗದ ಕೇಳುಗರು ಮತ್ತೆ ಮತ್ತೆ ಕೇಳುವುದು ಒಂದೇ: ಮಾರಿಕಣಿವೆಯ, ಅಂದರೆ ವಾಣಿವಿಲಾಸ ಸಾಗರದ, ಹೂಳನ್ನು ಯಾಕೆ ಎತ್ತಿಸುತ್ತಿಲ್ಲ? 1933ರಲ್ಲಿ ಕೋಡಿ ಬಿದ್ದಿದ್ದ ಜಲಾಶಯ 89 ವರ್ಷಗಳ ಮೇಲೆ, 2022ರಲ್ಲಿ, ಮತ್ತೆ ಕೋಡಿ ಬಿದ್ದಾಗ ‘ಹೂಳು ತುಂಬಿದ್ದಕ್ಕೇ ನೀರು ಮೇಲೆ ಬಂತು’ ಎಂದವರೂ ಇದ್ದರು. ಅದು ಸುಳ್ಳು. ಆ ಸಲ ಮಳೆ ಜೋರಾಗಿತ್ತು, ಭದ್ರೆಯ ನೀರೂ ಬಂದು ಸೇರಿತ್ತು.

ಹಾಗೆಂದು ಹೂಳಿನ ಭಯವೇನೂ ಸುಳ್ಳಲ್ಲ. 133 ಟಿಎಂಸಿ ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯ ಇಂದು ಹಿಡಿಯುವುದು ಸುಮಾರು 105.

ಮಾರಿಕಣಿವೆಯ ಹೂಳೆಲ್ಲ ಕಟ್ಟೆಯ ಬುಡದಲ್ಲಿ ಗುಡ್ಡೆಯಾಗಿದೆ, ತೂಬು ಎತ್ತಿದರೆ ಕೊಚ್ಚಿಹೋಗುತ್ತದೆ ಎಂಬ ನಂಬಿಕೆ ಬಲವಾಗಿದೆ. ಆದರೆ ಅದು ಹಾಗಲ್ಲ. ಹೊಳೆ ಹರಿಯುವಷ್ಟು ಹೊತ್ತು ಮಣ್ಣನ್ನು ಹೊರುತ್ತದೆ. ನಿಂತ ನೀರು ಸಿಕ್ಕೊಡನೆ ಭಾರವಾದದ್ದನ್ನು ಮೊದಲು ಇಳಿಸುತ್ತದೆ. ಬೇಸಿಗೆಯಲ್ಲಿ ಹೊಸದುರ್ಗದ ಕಡೆ ಹಿನ್ನೀರು ಸರಿದ ಜಾಗಕ್ಕೆ ಹೋದರೆ ಕಣ್ಣಿಗೇ ಕಾಣುತ್ತದೆ: ವೇದಾವತಿ ಒಳಬರುವ ಬಾಯಲ್ಲಿ ಕಾಲಿಗೆ ಒತ್ತುವ ದಪ್ಪ ಮರಳು, ಕೆಳಗಿಳಿದಂತೆ ನುಣುಪು ಮರಳು, ಆಮೇಲೆ ಬಿರುಕುಬಿಟ್ಟ ಜೇಡಿ. ಜಲಾಶಯ ತಲೆಯ ಕಡೆಯಿಂದಲೂ ತುಂಬುತ್ತದೆ, ಬುಡದಿಂದ ಮಾತ್ರವಲ್ಲ. ಮತ್ತೊಮ್ಮೆ ಹೇಳಬೇಕು: ನೀರು ನಿಂತಲ್ಲಿ ಮಣ್ಣು ನಿಲ್ಲುತ್ತದೆ. 1907ರಲ್ಲಿ ಮುಗಿದ, 30 ಟಿಎಂಸಿ ಹಿಡಿಯುವ ಈ ಕಟ್ಟೆ ಕೋಡಿ ಬಿದ್ದದ್ದೇ ಅಪರೂಪ. ನಾಲೆಯಲ್ಲಿ ಹೋದ ಅಷ್ಟಿಷ್ಟು ಕೆಸರು ಬಿಟ್ಟರೆ, ಒಳಬಂದ ಮಣ್ಣಿಗೆ ಹೊರಹೋಗುವ ದಾರಿಯೇ ಇರಲಿಲ್ಲ.

ಇನ್ನು ಎತ್ತಿಸುವ ಮಾತು. ಒಂದು ಟಿಎಂಸಿ ಜಾಗ ತೆರವಾಗಲು 2.83 ಕೋಟಿ ಘನ ಮೀಟರ್ ಹೂಳು ತೆಗೆಯಬೇಕು. ಟಿಪ್ಪರ್ ಒಂದಕ್ಕೆ ಹತ್ತು ಘನ ಮೀಟರ್ ಎಂದರೂ 28 ಲಕ್ಷ ಲೋಡು. ದಿನಕ್ಕೆ ಸಾವಿರ ಲೋಡು ಸಾಗಿಸಿದರೂ ಏಳು ವರ್ಷ ದಾಟುತ್ತದೆ. ಅಷ್ಟು ಮಣ್ಣು ಸುರಿಯುವುದೆಲ್ಲಿ? ವೇದಿಕೆ ಹತ್ತಿ ‘ಹೂಳೆತ್ತಿಸುತ್ತೇವೆ’ ಎನ್ನುವವರನ್ನು ಮೊದಲು ಕೇಳಬೇಕಾದ ಪ್ರಶ್ನೆ ಇದು.

ಊರ ಕೆರೆಯ ಲೆಕ್ಕ ಬೇರೆ. ಅಲ್ಲಿ ಗೋಡು ಎತ್ತಿ ಹೊಲಕ್ಕೆ ಹೊಡೆಯಬಹುದು, ಹೊಡೆಯಲೇಬೇಕು. ಆದರೆ ಜೆಸಿಬಿ ಬಂತೆಂದು ಏರಿಯ ಬುಡ ಕೆದಕುವುದು, ತಳದ ಜೇಡಿ ಪದರವನ್ನೂ ಕಿತ್ತು ಮಾರುವುದು ಕೆರೆಗೆ ಬಗೆಯುವ ದ್ರೋಹ. ಹೊಳಲ್ಕೆರೆ ಸೀಮೆಯಲ್ಲಿ ಹೀಗೆ ಆಳಕ್ಕೆ ಬಗೆದ ಒಂದು ಕೆರೆ, ಮಳೆಗೆ ತುಂಬಿದರೂ ದೀಪಾವಳಿಯ ಹೊತ್ತಿಗೆ ಇಂಗಿ ಬತ್ತಿದ್ದನ್ನು ಕಂಡು ಹೊಟ್ಟೆ ಉರಿದದ್ದುಂಟು.

ಮಾರಿಕಣಿವೆಗೆ ಹೂಳು ಬರುವುದು ವೇದಾವತಿಯ ಮೇಲ್ಭಾಗದ ಹೊಲಗಳಿಂದ; ಅದರ ಆಯುಸ್ಸೂ ಅಲ್ಲೇ ಇದೆ. ಅದನ್ನು ಕಾಯುವ ಕೆಲಸಗಳು ಇವು: ಇಳಿಜಾರಿಗೆ ಅಡ್ಡ ಉಳುಮೆ, ಒಡೆದ ಬದುವಿನ ದುರಸ್ತಿ, ಬದುವಿನ ಮೇಲೆ ಲಾವಂಚ, ಹಳ್ಳದ ದಂಡೆಯ ಮರ ಕಡಿಯದಿರುವುದು. ಕಡೂರು, ಹೊಸದುರ್ಗದ ರೈತರು ಈ ಮುಂಗಾರಿಗೆ ಮೊದಲೇ ತಮ್ಮ ಬದುಗಳನ್ನು ಒಮ್ಮೆ ಸುತ್ತಿ ನೋಡಿ, ಒಡೆದಲ್ಲಿ ಮಣ್ಣು ಹಾಕಬೇಕೆಂದು ಕೋರಿಕೆ.