ನದಿಯ ಊರುಗಳಲ್ಲಿ ಒಂದು ದಿನ



ಕಳೆದ ಮಾಘಮಾಸದ ಒಂದು ಭಾನುವಾರ, ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಇಪ್ಪತ್ತೆರಡು ಮಂದಿ ವಿದ್ಯಾರ್ಥಿಗಳೊಡನೆ ಶ್ರೀರಂಗಪಟ್ಟಣದಿಂದ ಹೊರಟು, ಪಾಂಡವಪುರ, ಕೃಷ್ಣರಾಜಪೇಟೆಗಳ ಮಾರ್ಗವಾಗಿ ನಾಗಮಂಗಲದವರೆಗೆ ಹೋಗಿಬಂದೆನು. ಈ ಯೋಜನೆಯು ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ಆರಂಭವಾದುದು. ಹುಡುಗರ ಕೈಯಲ್ಲಿ ಒಂದೊಂದು ಪ್ರಶ್ನಾವಳಿಯಿದ್ದಿತು. ಅದನ್ನು ರಚಿಸಿದವನು ನಾನೇ. ಮೊದಲನೆಯ ಪ್ರಶ್ನೆ: ‘ನಿಮ್ಮ ಊರಿಗೂ ನದಿಗೂ ಎಷ್ಟು ದೂರ?’ ಇದೊಂದು ತಿಳಿದರೆ ಊರಿನ ನೀರಿನ ಸ್ಥಿತಿಯೆಲ್ಲ ತಿಳಿದಂತೆಯೇ ಎಂದು ನನ್ನ ಎಣಿಕೆ.

ಶ್ರೀರಂಗಪಟ್ಟಣದಲ್ಲಿಯೇ ನನಗೆ ಎಚ್ಚರಿಕೆ ದೊರೆತಿತ್ತು. ಅಲ್ಲಿ ಬಂಗಾರದೊಡ್ಡಿ ನಾಲೆಯನ್ನು ನೋಡಿದೆವು. 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರ ಕಾಲದ್ದೆಂದು ಹೇಳುವ ಈ ನಾಲೆ, ಕಾವೇರಿಯ ಒಂದು ಕವಲನ್ನು ಮೇಲ್ಗಾಲುವೆಯಿಂದ ದಾಟಿ ದ್ವೀಪಕ್ಕೆ ಬರುತ್ತದೆ. ‘ಸುತ್ತಲೂ ನದಿಯಿರುವ ಊರಿಗೆ ನಾಲೆಯೇಕೆ, ಸಾರ್?’ ಎಂದು ಒಬ್ಬ ಹುಡುಗಿ ಕೇಳಿದಳು. ನದಿ ತಗ್ಗಿನಲ್ಲಿದೆ, ಗದ್ದೆ ಎತ್ತರದಲ್ಲಿದೆ. ಆದ್ದರಿಂದ ಮೇಲುಗಡೆ ಅಣೆಕಟ್ಟಿ ನೀರನ್ನು ತಿರುಗಿಸಬೇಕು ಎಂದು ಉಪಾಧ್ಯಾಯನ ಧಾಟಿಯಲ್ಲಿ ಉತ್ತರ ಹೇಳಿದೆನೇ ಹೊರತು, ನನ್ನ ಪ್ರಶ್ನಾವಳಿಯನ್ನು ತಿದ್ದಿಕೊಳ್ಳಬೇಕೆಂದು ಹೊಳೆಯಲಿಲ್ಲ.

ಪಾಂಡವಪುರದ ಕಡೆಯಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಹೈದರ್, ಟಿಪ್ಪುಗಳ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದುದರಿಂದ ಫ್ರೆಂಚ್ ರಾಕ್ಸ್ ಎನ್ನಿಸಿಕೊಂಡಿದ್ದ ಊರು ಇದು. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಕಬ್ಬು ಆಳುದ್ದ ಬೆಳೆದಿತ್ತು. ‘ನದಿಯ ದೂರ ಯಾರಿಗೆ ಬೇಕು, ನಾಲೆ ಬಾಗಿಲಲ್ಲೇ ಇದೆ’ ಎಂದು ರೈತರೊಬ್ಬರು ನಕ್ಕರು.

ಕೃಷ್ಣರಾಜಪೇಟೆಯ ಸೀಮೆಯಲ್ಲಿ ಹೇಮಾವತಿಯು ಕನ್ನಂಬಾಡಿಯ ಹಿನ್ನೀರನ್ನು ಸೇರುತ್ತದೆ. ಆ ದಡದ ಒಂದು ಸಣ್ಣ ಹಳ್ಳಿಯಲ್ಲಿ ಜಗಲಿಯ ಮೇಲೆ ಕುಳಿತಿದ್ದ ವೃದ್ಧೆಯೊಬ್ಬರನ್ನು ನಮ್ಮವನೊಬ್ಬ ಅದೇ ಪ್ರಶ್ನೆ ಕೇಳಿದ. ಅವರು ನೀರಿನತ್ತ ಕೈ ತೋರಿಸಿ, ‘ನದಿ ನಮ್ಮ ಹಳೇ ಊರಿನ ಮೇಲೈತೆ’ ಎಂದರು. 1911ರಲ್ಲಿ ಕೆಲಸ ಮೊದಲಾದ ಆ ಕಟ್ಟೆಯು ಎಷ್ಟೋ ಗ್ರಾಮಗಳನ್ನು ಮುಳುಗಿಸಿತೆಂಬುದನ್ನು ಹುಡುಗರು ಪುಸ್ತಕದಲ್ಲಿ ಓದಿದ್ದರು. ಅದರ ಉತ್ತರವನ್ನು ಯಾವ ಅಂಕಣದಲ್ಲಿ ಬರೆಯಬೇಕೆಂಬುದು ಅವರಿಗೂ ತೋಚಲಿಲ್ಲ, ನನಗೂ ತೋಚಲಿಲ್ಲ. ಅವರ ಹಿರಿಯರು ದಿಬ್ಬಕ್ಕೆ ಬಂದು ನೆಲಸಿದವರು. ಕಣ್ಣೆದುರಿಗೆ ಸಮುದ್ರದಂತಹ ಜಲರಾಶಿ. ಹೊಲದಲ್ಲಿ ಮಳೆಯನ್ನು ನಂಬಿದ ರಾಗಿ, ಹುರುಳಿ. ಕಟ್ಟೆಯ ನೀರು ಕೆಳಕ್ಕೆ ಹರಿದು ಮಂಡ್ಯದ ಗದ್ದೆಗಳನ್ನು ತಣಿಸುವುದಲ್ಲದೆ ಹಿಂದಕ್ಕೆ ಮೇಲೇರಲಾರದಷ್ಟೆ.

ನಮ್ಮ ತಂಡದಲ್ಲಿ ಮಂಡ್ಯದ ನಾಲಾಬಯಲಿನ ರೈತನ ಮಗನೊಬ್ಬನಿದ್ದ. ಬೆಳಗಿನಿಂದ ಎಲ್ಲರನ್ನೂ ನಗಿಸುತ್ತಿದ್ದವನು. ಆ ಜಗಲಿಯಿಂದ ಎದ್ದ ಮೇಲೆ ಅವನು ಮಾತಾಡಲಿಲ್ಲ. ಬಸ್ಸಿನಲ್ಲಿ ನನ್ನ ಪಕ್ಕಕ್ಕೆ ಬಂದು, ‘ನಮ್ಮ ಗದ್ದೆಯಲ್ಲಿ ನೀರು ಹೆಚ್ಚಾಯಿತೆಂದು ನಮ್ಮಪ್ಪ ಬೈಯ್ಯುತ್ತಾರೆ, ಸಾರ್’ ಎಂದ. ಸಮಾಧಾನ ಹೇಳಲು ನನಗೆ ಮಾತು ದೊರೆಯಲಿಲ್ಲ. ತಪ್ಪು ಅವನದೂ ಅಲ್ಲ, ಅವನ ತಂದೆಯದೂ ಅಲ್ಲ.

ನಾಗಮಂಗಲ ಸೇರಿದಾಗ ಸಂಜೆ. ಒಂದು ಕಾಲಕ್ಕೆ ಹಿತ್ತಾಳೆಯ ಕೆಲಸಕ್ಕೆ ಹೆಸರಾದ ಊರು. ಹೊರಗಿನ ಹಳ್ಳಿಯೊಂದರ ನಲ್ಲಿಯ ಮುಂದೆ ಸಾಲಾಗಿದ್ದವು ಪ್ಲಾಸ್ಟಿಕ್ ಕೊಡಗಳು. ಕರಿಘಟ್ಟದ ಬುಡದಲ್ಲಿ ಕಾವೇರಿಯನ್ನು ಸೇರುವ ಲೋಕಪಾವನಿ ಹುಟ್ಟುವುದು ಈ ತಾಲ್ಲೂಕಿನಲ್ಲಿಯೇ. ಬೆಳಿಗ್ಗೆ ಸಂಗಮದ ಹತ್ತಿರ ಕಂಡಿದ್ದ ಹೊಳೆಯನ್ನು ಇಲ್ಲಿ ಚಪ್ಪಲಿ ತೆಗೆಯದೆಯೇ ದಾಟಿದೆವು. ಗೊರೂರಿನ ಅಣೆಕಟ್ಟಿನಿಂದ ಬರುವ ಹೇಮಾವತಿ ನಾಲೆಯೇ ಇಲ್ಲಿಯವರ ಆಸೆ. ‘ಕೆರೆಗೆ ನೀರು ಬಿಟ್ಟ ವರ್ಷ’, ‘ಬಿಡದ ವರ್ಷ’ ಎಂದೇ ಅವರು ಕಾಲವನ್ನು ಎಣಿಸುತ್ತಾರೆ.

ಕೊಡ ಹಿಡಿದು ನಿಂತಿದ್ದ ತಾಯಿಯೊಬ್ಬರು ಎಲ್ಲ ಪ್ರಶ್ನೆಗಳಿಗೂ ತಾಳ್ಮೆಯಿಂದ ಉತ್ತರ ಕೊಟ್ಟು, ‘ಬರಕೊಂಡಿದ್ದನ್ನ ನಮಗೂ ಒಂದು ಪ್ರತಿ ಕೊಡಿ, ಪಂಚಾಯಿತಿಯಲ್ಲಿ ತೋರಿಸ್ತೀವಿ’ ಎಂದು ಕೇಳಿದರು. ಹಿಂದೆ ಎಷ್ಟೋ ಊರುಗಳಲ್ಲಿ ಬರೆದುಕೊಂಡು ಬಂದಿದ್ದೇನೆ. ಹೀಗೆ ಯಾರೂ ಕೇಳಿರಲಿಲ್ಲ, ಕೊಡಬೇಕೆಂದು ನನಗೂ ಅನ್ನಿಸಿರಲಿಲ್ಲ.

ಮರುದಿನ ಹುಡುಗರು ಮೊದಲನೆಯ ಪ್ರಶ್ನೆಯನ್ನು ಹೊಡೆದುಹಾಕಿ, ‘ನೀರು ನಿಮ್ಮ ಊರಿಗಿಂತ ಎಷ್ಟು ತಗ್ಗಿನಲ್ಲಿದೆ? ಅದನ್ನು ಯಾರು ಬಿಡುತ್ತಾರೆ?’ ಎಂದು ತಿದ್ದಿದರು. ನಾಗಮಂಗಲದ ಪ್ರತಿ ಸಿದ್ಧವಾಗಿದೆ. ಅದನ್ನು ಅಂಚೆಗೆ ಹಾಕಕೂಡದು, ತಾವೇ ಒಯ್ದು ಓದಿ ಹೇಳಬೇಕೆಂದು ಆ ನಾಲಾಬಯಲಿನ ಹುಡುಗನ ಹಟ. ಬರುವ ಭಾನುವಾರ ಹೊರಡುತ್ತೇವೆ.