ವಾಲಿಗೆ ಬಾಣ, ರಾವಣನಿಗೆ ಒಂದು ರಾತ್ರಿ



ಗಂಗಾವತಿ ದಾಟಿ ಆನೆಗುಂದಿಯ ಕಡೆ ಹೊರಟರೆ ಭತ್ತದ ಗದ್ದೆಗಳ ಆಚೆ ಗುಂಡುಗಲ್ಲಿನ ಗುಡ್ಡಗಳು ಎದುರಾಗುತ್ತವೆ. ಅಂಜನಾದ್ರಿ, ಪಂಪಾಸರೋವರ, ವಾಲಿಯ ಭಂಡಾರ ಎಂದು ಒಂದೊಂದನ್ನೂ ಜನ ಹೆಸರು ಹಿಡಿದು ತೋರಿಸುತ್ತಾರೆ. ಕಿಷ್ಕಿಂಧೆ ಇದೇ ಎಂಬುದು ಈ ಸೀಮೆಯ ನಂಬಿಕೆ. ಹಾಗಿದ್ದರೆ ರಾಮಾಯಣದ ಬಲು ಬಿಕ್ಕಟ್ಟಿನ ನ್ಯಾಯವೊಂದು ನಮ್ಮ ಕೊಪ್ಪಳ ಜಿಲ್ಲೆಯಲ್ಲೇ ನಡೆದಂತಾಯಿತು. ಕಥೆಯ ಖಳನಿಗೆ ಶಿಕ್ಷೆಯೇ ಆಗಬೇಕೋ, ತಿದ್ದಿಕೊಳ್ಳಲು ಅವಕಾಶ ಸಿಗಬೇಕೋ ಎಂಬ ಇಂದಿನ ಮಾತನ್ನು ವಾಲಿಯಿಂದಲೇ ಶುರುಮಾಡೋಣ.

ವಾಲ್ಮೀಕಿಯ ವಾಲಿ ಬಾಣ ನಾಟಿ ಬಿದ್ದ ಮೇಲೂ ಸುಮ್ಮನಿರುವುದಿಲ್ಲ. ಇನ್ನೊಬ್ಬನ ಜೊತೆ ಕಾದಾಡುತ್ತಿದ್ದವನನ್ನು ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ ಧರ್ಮ ಎಂದು ರಾಮನನ್ನು ಕೇಳುತ್ತಾನೆ. ತಮ್ಮ ಸುಗ್ರೀವ ಬದುಕಿರುವಾಗಲೇ ಅವನ ಹೆಂಡತಿ ರುಮೆಯನ್ನು ಇಟ್ಟುಕೊಂಡದ್ದಕ್ಕೆ ಇದು ದಂಡನೆ ಎಂದು ರಾಮನ ಉತ್ತರ. ಇಷ್ಟು ಎಲ್ಲರಿಗೂ ಗೊತ್ತು. ರಾಮ ಮುಂದುವರಿದು ಹೇಳುವ ಮಾತು ಅಷ್ಟಾಗಿ ನಮ್ಮ ಕಿವಿಗೆ ಬೀಳುವುದಿಲ್ಲ: ಅರಸನ ಕೈಯಿಂದ ದಂಡನೆ ಉಂಡವನು ಪಾಪ ಕಳೆದುಕೊಂಡು, ಪುಣ್ಯವಂತರ ಹಾಗೆಯೇ ಸ್ವರ್ಗಕ್ಕೆ ಹೋಗುತ್ತಾನೆ ಎಂದು ಮನುವಿನ ಹೆಸರೆತ್ತಿ ಆತ ಹೇಳುತ್ತಾನೆ. ಈ ಲೆಕ್ಕದಲ್ಲಿ ಶಿಕ್ಷೆಯೇ ಉದ್ಧಾರ. ವಾಲಿ ಒಪ್ಪುತ್ತಾನೆ, ಮಗ ಅಂಗದನನ್ನು ಒಪ್ಪಿಸಿ, ಕೊರಳ ಚಿನ್ನದ ಮಾಲೆಯನ್ನು ತಮ್ಮನಿಗೇ ಕೊಟ್ಟು ಪ್ರಾಣ ಬಿಡುತ್ತಾನೆ. ಈ ನ್ಯಾಯ ಮಾತ್ರ ನನ್ನ ಗಂಟಲಲ್ಲಿ ಪೂರ್ತಿ ಇಳಿಯುವುದಿಲ್ಲ. ಸತ್ತವನಿಗೆ ಸ್ವರ್ಗ ಸಿಕ್ಕಿರಬಹುದು. ತಪ್ಪು ಅರಿತ ಮೇಲೆ ಬದುಕಿ ತೋರಿಸಲು ಅವನಿಗೆ ಒಂದು ದಿನವೂ ಉಳಿಯಲಿಲ್ಲವಲ್ಲ.

ಇದೇ ವಾಲಿಯ ಕಥೆಯನ್ನು ಜೈನ ಕವಿಗಳು ಬೇರೆ ಥರ ಹೇಳಿದರು. ಕೊಪ್ಪಳಕ್ಕೂ ಜೈನರಿಗೂ ನಂಟು ಹಳೆಯದು. ಕವಿರಾಜಮಾರ್ಗ ತಿರುಳ್ಗನ್ನಡದ ಊರುಗಳನ್ನು ಎಣಿಸುವಾಗ ಕೊಪಣದ, ಅಂದರೆ ಕೊಪ್ಪಳದ, ಹೆಸರನ್ನೂ ಹೇಳುತ್ತದೆ. ಆ ಕೊಪಣ ಎಷ್ಟು ದೊಡ್ಡ ತೀರ್ಥವೆನಿಸಿತ್ತೆಂದರೆ, ಹೊಯ್ಸಳರ ದಂಡನಾಯಕ ಗಂಗರಾಜ ಬಸದಿಗಳನ್ನು ಕಟ್ಟಿಸಿ ಗಂಗವಾಡಿಯನ್ನೆಲ್ಲ ಕೊಪಣದ ಹಾಗೆ ಮಾಡಿದನೆಂದೇ ಶಾಸನಗಳು ಅವನನ್ನು ಹೊಗಳುತ್ತವೆ. ವರಾಂಗಚರಿತೆ ಬರೆದ ಜಟಾಸಿಂಹನಂದಿಯ ಪಾದಗಳನ್ನು ಇಲ್ಲಿನ ಪಾಲ್ಕಿಗುಂಡಿನ ಬಂಡೆಯ ಮೇಲೆ ಕೊರೆಸಿದ್ದಾರೆ. ಸಲ್ಲೇಖನ ಹಿಡಿದು ತಿಳಿಮನಸ್ಸಿನಿಂದ ದೇಹ ಬಿಡಲು ಸಾಧಕರು ಇಲ್ಲಿಗೆ ಬರುತ್ತಿದ್ದರು. ಕೊನೆಗಾಲದ ಮನಸ್ಸು ಹೇಗಿರುತ್ತದೆ ಎಂಬುದು ಜೈನ ಕವಿಗಳಿಗೆ ಅಷ್ಟು ಮುಖ್ಯವಾಗಿದ್ದಕ್ಕೆ ಈ ವಾತಾವರಣವೇ ಕಾರಣ ಎಂದು ನನ್ನ ಊಹೆ.

ಅವರ ವಾಲಿ ತಮ್ಮನಿಗೆ ರಾಜ್ಯ ಬಿಟ್ಟುಕೊಟ್ಟು ಮುನಿಯಾಗುತ್ತಾನೆ, ಕೈಲಾಸದಲ್ಲಿ ತಪಸ್ಸಿಗೆ ನಿಲ್ಲುತ್ತಾನೆ, ಮೋಕ್ಷ ಪಡೆಯುತ್ತಾನೆ. ಹಾಗಾದರೆ ಸುಗ್ರೀವನ ಸಂಸಾರ ಕೆಡಿಸಿದವರು ಯಾರು? ಸಾಹಸಗತಿ ಎಂಬ ವಿದ್ಯಾಧರ ಸುಗ್ರೀವನದೇ ರೂಪ ತಾಳಿ ಅವನ ಅರಮನೆಗೆ ನುಗ್ಗುತ್ತಾನೆ. ರಾಮ ಕೊಲ್ಲುವುದು ಅವನನ್ನು. ಜಾಣತನ ನೋಡಿ. ವಾಲಿಯನ್ನು ಪಾರುಮಾಡಿದರು, ಆದರೆ ಅಪರಾಧವನ್ನು ಅಳಿಸಿಹಾಕಲಿಲ್ಲ. ಅದನ್ನು ಹೊರಲು ಇನ್ನೊಂದು ಹೆಗಲು ಹುಡುಕಿದರು. ಇದನ್ನು ಉದ್ಧಾರ ಎನ್ನಲು ನನಗೆ ಮನಸ್ಸಿಲ್ಲ; ಕೇಸು ಬೇರೆಯವನ ಮೇಲೆ ಹಾಕಿದಂತಾಯಿತು, ಅಷ್ಟೆ.

ನಿಜವಾದ ಪರೀಕ್ಷೆ ಇರುವುದು ರಾವಣನಲ್ಲಿ. ಸುಮಾರು 1100ರ ಹೊತ್ತಿಗೆ ನಾಗಚಂದ್ರ, ಅಂದರೆ ಅಭಿನವ ಪಂಪ, ರಾಮಚಂದ್ರಚರಿತ ಪುರಾಣ ಬರೆದ. ಅಲ್ಲಿ ರಾವಣನ ಅಪರಾಧಕ್ಕೆ ಬೇರೆ ಹೆಗಲಿಲ್ಲ. ಸೀತೆಯನ್ನು ಕದ್ದವನು ಅವನೇ. ಆದರೆ ಅವನು ಮೊದಲಿನಿಂದಲೂ ಕೆಟ್ಟವನಲ್ಲ. ಒಲ್ಲದ ಹೆಣ್ಣನ್ನು ಮುಟ್ಟೆನೆಂದು ವ್ರತ ತೊಟ್ಟವನು. ಹಿಂದೆ ನಳಕೂಬರನ ಹೆಂಡತಿ ಉಪರಂಭೆ ತಾನಾಗಿ ಒಲಿದು ಬಂದಾಗಲೂ ಬುದ್ಧಿ ಹೇಳಿ ಗಂಡನ ಹತ್ತಿರವೇ ಕಳಿಸಿದವನು. ಅಂಥವನು ಸೀತೆಯನ್ನು ಕಂಡು ಜಾರುತ್ತಾನೆ.

ಯುದ್ಧ ನಡೆದಿರುವಾಗಲೇ ಬಹುರೂಪಿಣಿ ವಿದ್ಯೆಯನ್ನು ಸಾಧಿಸಿಕೊಂಡು ರಾವಣ ಸೀತೆಯ ಎದುರು ಬಂದು ನಿಲ್ಲುತ್ತಾನೆ. ಇನ್ನು ರಾಮನ ಆಸೆ ಬಿಡು ಎನ್ನುತ್ತಾನೆ. ರಾಮನ ಜೀವಕ್ಕೆ ಅಪಾಯವೆಂದು ಸೀತೆ ಮೂರ್ಛೆ ಹೋಗುತ್ತಾಳೆ. ಅವಳು ಬಿದ್ದದ್ದನ್ನು ನೋಡುತ್ತ ನಿಂತಾಗ ರಾವಣನ ಒಳಗಿನ ಮೋಹ ಕಳಚುತ್ತದೆ. ಒಬ್ಬರನ್ನೊಬ್ಬರು ಇಷ್ಟು ನೆಚ್ಚಿಕೊಂಡವರನ್ನು ಅಗಲಿಸಿದೆನಲ್ಲ, ಕುಲಕ್ಕೆ ಮಸಿ ಬಳಿದೆನಲ್ಲ ಎಂದು ಕೊರಗುತ್ತಾನೆ. ಯಾರೂ ಅವನ ಕತ್ತು ಹಿಡಿದಿಲ್ಲ, ಸೋಲಿನ್ನೂ ಖಚಿತವಾಗಿಲ್ಲ. ಆ ಪಶ್ಚಾತ್ತಾಪಕ್ಕೆ ತೂಕ ಬರುವುದು ಇದರಿಂದ. ಸೀತೆಯನ್ನು ಒಪ್ಪಿಸಿಬಿಡಬೇಕೆಂದು ನಿಶ್ಚಯಿಸುತ್ತಾನೆ.

ಆದರೆ ಇವತ್ತೇ ಒಪ್ಪಿಸಿದರೆ ಹೆದರಿ ಒಪ್ಪಿಸಿದ ಎಂದು ಲೋಕ ಆಡಿಕೊಳ್ಳುತ್ತದೆ. ನಾಳೆ ರಣದಲ್ಲಿ ರಾಮಲಕ್ಷ್ಮಣರನ್ನು ಗೆದ್ದು, ಸೆರೆಹಿಡಿದು ತಂದು, ಆಮೇಲೆ ಕೊಡುತ್ತೇನೆ ಎನ್ನುತ್ತಾನೆ. ಆ ನಾಳೆಯೇ ಅವನನ್ನು ತಿಂದಿತು. ತಾನೇ ಎಸೆದ ಚಕ್ರ ಲಕ್ಷ್ಮಣನ ಕೈಸೇರಿ, ಅದರಿಂದಲೇ ಸತ್ತ. ಬಿ.ಎಂ.ಶ್ರೀ. ಈ ರಾವಣನಲ್ಲಿ ಗ್ರೀಕ್ ನಾಟಕಗಳ ದುರಂತ ನಾಯಕನನ್ನು ಕಂಡದ್ದು ಸುಮ್ಮನೆ ಅಲ್ಲ. ಅವಕಾಶ ಅವನಿಗೆ ಸಿಕ್ಕಿತ್ತು. ಸಿಕ್ಕ ಅವಕಾಶವನ್ನು ಮಾನದ ಲೆಕ್ಕ ಹಾಕುತ್ತ ಕಳೆದುಕೊಂಡ.

ನಾಗಚಂದ್ರನಿಗಿಂತ ನಾಲ್ಕು ಶತಮಾನ ಹಿಂದೆ ಸಂಸ್ಕೃತದಲ್ಲಿ ಪದ್ಮಪುರಾಣ ಬರೆದ ರವಿಷೇಣ ರಾವಣನ ಸಾವಿಗೇ ಕಥೆ ನಿಲ್ಲಿಸುವುದಿಲ್ಲ. ರಾವಣ ನರಕಕ್ಕೆ ಹೋಗುತ್ತಾನೆ. ಅವನನ್ನು ಕೊಂದ ಲಕ್ಷ್ಮಣನೂ ಹೋಗುತ್ತಾನೆ! ತಪಸ್ಸು ಮಾಡಿ ದೇವಲೋಕಕ್ಕೇರಿದ ಸೀತೆಯ ಜೀವ ಅಲ್ಲಿಗೇ ಇಳಿದು ಬಂದು, ಇನ್ನಾದರೂ ಹಗೆ ಬಿಡಿ ಎಂದು ಇಬ್ಬರಿಗೂ ಹೇಳುತ್ತದೆ. ಎಷ್ಟೋ ಜನ್ಮಗಳಾಚೆ ರಾವಣ ತೀರ್ಥಂಕರನಾಗುತ್ತಾನೆ ಎಂಬುದು ಜೈನರ ನಂಬಿಕೆ. ಮಾಡಿದ್ದನ್ನು ಒಂದು ಕಾಳೂ ಬಿಡದೆ ಉಣ್ಣಬೇಕು, ಆದರೆ ಬಾಗಿಲು ಎಂದಿಗೂ ಮುಚ್ಚುವುದಿಲ್ಲ. ಇದು ನನಗೆ ಒಪ್ಪಿಗೆಯಾಗುವ ನ್ಯಾಯ. ಇಂದಿನ ಟಿ.ವಿ. ಧಾರಾವಾಹಿಗಳಲ್ಲಿ ಖಳನಿಗೊಂದು ಅಳುವ ಬಾಲ್ಯ ತೋರಿಸಿ, ಕೊನೆಯ ಕಂತಿನಲ್ಲಿ ಎಲ್ಲರ ಕಾಲಿಗೆ ಬೀಳಿಸಿ ಮುಗಿಸುತ್ತಾರೆ. ಅದು ಅಗ್ಗದ ಕ್ಷಮೆ. ನಾಗಚಂದ್ರ ತನ್ನ ರಾವಣನಿಗೆ ಅಂಥ ರಿಯಾಯಿತಿ ಕೊಡಲಿಲ್ಲ.

ಮತ್ತೆ ನಮ್ಮ ಸೀಮೆಗೆ ಬರೋಣ. ಗಂಗಾವತಿ ಕಡೆಯ ಕುಮ್ಮಟದುರ್ಗ ಕಂಪಿಲರಾಯನ ಮಗ ಕುಮಾರರಾಮನ ಊರು. ಮಹಮ್ಮದ್ ಬಿನ್ ತುಘಲಕನ ಸೈನ್ಯದೆದುರು ಕಂಪಿಲರಾಯನ ರಾಜ್ಯ 1327ರ ಹೊತ್ತಿಗೆ ಬಿದ್ದದ್ದು ಇತಿಹಾಸ. ಕುಮಾರರಾಮನ ಮಲತಾಯಿ ರತ್ನಾಜಿಯದು ಕಥೆ. ಅವಳು ಕುಮಾರರಾಮನಿಗೆ ಮನಸೋಲುತ್ತಾಳೆ, ಅವನು ಒಲ್ಲೆನೆಂದಾಗ ಅವನೇ ಮೈಮೇಲೆ ಬಂದನೆಂದು ಗಂಡನಿಗೆ ದೂರುತ್ತಾಳೆ. ವಿಚಾರಣೆಯಿಲ್ಲ, ಸಾಕ್ಷಿಯಿಲ್ಲ; ಮಗನ ತಲೆ ತೆಗೆಯಲು ರಾಯ ಅಪ್ಪಣೆ ಮಾಡುತ್ತಾನೆ. ಮಂತ್ರಿ ಬೈಚಪ್ಪ ಕುಮಾರರಾಮನನ್ನು ಬಚ್ಚಿಟ್ಟು ಬೇರೆಯದೇ ತಲೆ ತೋರಿಸುತ್ತಾನೆ. ಮುಂದೆ ಶತ್ರು ಕೋಟೆಗೆ ಬಂದಾಗ ಊರಿಗೆ ಆಸರೆಯಾದವನು ಆ 'ಸತ್ತ' ಖಳನೇ. ಶಿಕ್ಷೆಗೆ ಅವಸರ ಮಾಡಬಾರದೆಂಬ ವಾದಕ್ಕೆ ಬೈಚಪ್ಪನಿಗಿಂತ ಒಳ್ಳೆಯ ವಕೀಲ ನನಗೆ ಗೊತ್ತಿಲ್ಲ. ರತ್ನಾಜಿಯ ಬಗ್ಗೆ ಮಾತ್ರ ನನ್ನದೊಂದು ತಕರಾರಿದೆ. ರಾವಣನ ಒಳಗನ್ನು ನೋಡಲು ಒಬ್ಬ ನಾಗಚಂದ್ರ ಸಿಕ್ಕ. ವಯಸ್ಸಾದ ಅರಸನ ಕಿರಿಯ ರಾಣಿಯ ಒಳಗನ್ನು ಅಷ್ಟೇ ತಾಳ್ಮೆಯಿಂದ ನೋಡುವ ಕವಿಯೊಬ್ಬ ಅವಳಿಗೂ ಸಿಗಬೇಕಿತ್ತು.

ಕಥೆಗಾರರಿಗೆ ಪರಿವರ್ತನೆ ಎಂದರೆ ಒಂದೇ ರಾತ್ರಿಯ ಕೆಲಸ. ಬೌದ್ಧ ಕಥೆಗಳಲ್ಲಿ ಚಂಡಾಶೋಕ ಭಿಕ್ಷುವೊಬ್ಬನ ಪವಾಡ ಕಂಡು ಧರ್ಮಾಶೋಕನಾಗಿಬಿಡುತ್ತಾನೆ. ಕೊಪ್ಪಳದ ಗವಿಮಠದ ಬಂಡೆಯ ಮೇಲೆ ಅದೇ ಅಶೋಕನ ಶಾಸನವಿದೆ; ಪಾಲ್ಕಿಗುಂಡಿನಲ್ಲಿ ಅದರದೇ ಇನ್ನೊಂದು ಪ್ರತಿ, ಸವೆದದ್ದು. ಅಲ್ಲಿ ಪವಾಡವಿಲ್ಲ. ತಾನು ಉಪಾಸಕನಾಗಿ ಎರಡೂವರೆ ವರ್ಷ ದಾಟಿತು, ಮೊದಲ ಒಂದು ವರ್ಷ ಹೆಚ್ಚೇನೂ ಶ್ರಮಪಡಲಿಲ್ಲ, ಸಂಘದ ಹತ್ತಿರ ಬಂದ ಮೇಲೆ ಒಂದು ವರ್ಷಕ್ಕೂ ಮಿಕ್ಕಿ ಚೆನ್ನಾಗಿ ಪ್ರಯತ್ನಪಟ್ಟೆ ಎಂದು ದೊರೆ ಸಾರಿಸಿದ್ದಾನೆ. ಇದು ದೊಡ್ಡವರಿಗೆ ಮಾತ್ರ ಸಾಧ್ಯವಾಗುವುದಲ್ಲ, ಪಟ್ಟು ಹಿಡಿದರೆ ಚಿಕ್ಕವರಿಗೂ ದಕ್ಕುತ್ತದೆ ಎಂದೂ ಸೇರಿಸಿದ್ದಾನೆ. ಒಂದು ವರ್ಷ ಸೋಮಾರಿಯಾಗಿದ್ದೆ ಎಂದು ಚಕ್ರವರ್ತಿಯೊಬ್ಬ ಕಲ್ಲಿನಲ್ಲಿ ಬರೆಸಿದ್ದನ್ನು ಓದಿದ ಮೇಲೆ, ನಮ್ಮ ನಾಟಕದವರೂ ಸಿನಿಮಾದವರೂ ತಮ್ಮ ಖಳರಿಗೆ ಇನ್ನಷ್ಟು ಸಮಯ ಕೊಡಲೇಬೇಕು ಎಂದು ನನಗನ್ನಿಸಿದೆ.